ಹೈಬ್ರಿಡ್ ಕ್ಲಬ್ಬಿನ ಹುಡುಗ

"ಹುಡುಗ ಕ್ಲಬ್‌ನಾಗ ಕೆಲಸ ಮಾಡ್ತಾನಂತ!"

ಕಾಕಾ ಬಯೋಡೇಟಾವನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಚಿಕ್ಕೋಡಿ-ನಿಪ್ಪಾಣಿ ಕಡೆಯ ನಮಗೆ ಕ್ಲಬ್ ಎಂದರೆ ಒಂದೇ ಅರ್ಥ: ಇಸ್ಪೀಟು. (ಹೊರಗೆ 'ಮನರಂಜನಾ ಕೇಂದ್ರ' ಎಂಬ ಬೋರ್ಡು, ಒಳಗೆ ಅಂದರ್-ಬಾಹರ್.) ಇದು ಪುಣೆಯ ಗಾಲ್ಫ್ ಕ್ಲಬ್, ಹುಡುಗ ಅಲ್ಲಿ ಆಟ ಕಲಿಸುತ್ತಾನೆ ಎಂದು ಅಕ್ಕ ಹೇಳಿದಳು.

"ನೀ ಸುಮ್ಮನಿರ ಬೇ!"

ಅಕ್ಕ ಒಳಗೆ ಹೋದಳು. ಆದರೆ ಮೂರು ಸಂಬಂಧ ತಾನೇ ಬೇಡವೆಂದಿದ್ದ ಅಕ್ಕ, ಮೊದಲ ಸಲ ಒಂದು ಫೋಟೋವನ್ನು ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಅದು ನನಗೆ ಗೊತ್ತಿತ್ತು.

ಕಳೆದ ಭಾನುವಾರ ಹುಡುಗ ಬೇಡಕಿಹಾಳದ ನಮ್ಮ ಮನೆಗೆ ಬಂದ. ಹೆಸರು ಸಂತೋಷ, ಕಾಗವಾಡ ಬದಿಯ ಹಳ್ಳಿಯವ. ಪ್ರಶ್ನೆ ಕೇಳುವ ಕೆಲಸವನ್ನು ಅಪ್ಪ ನನಗೆ ವಹಿಸಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳಲ್ಲವೇ? ವರಪರೀಕ್ಷೆಯೂ ಒಂದು ಡಿಬೇಟೇ ಎಂದು ನಂಬಿದ್ದೆ.

"ಕ್ಲಬ್ ಅಂದ್ರ ಏನ್ರಿ?"

"ಆಡೋ ಜಾಗಾಕ್ಕೂ ಕ್ಲಬ್ ಅಂತಾರ್ರಿ, ಹೊಡಿಯೋ ಬಡಿಗಿಗೂ ಕ್ಲಬ್ ಅಂತಾರ್ರಿ."

ಸಂಜೆ ಮಿರಜಿನಲ್ಲಿ ಪುಣೆಯ ಗಾಡಿ ಹಿಡಿಯುವವನಿದ್ದ. ಚೀಲದಲ್ಲೇ ಒಂದು ಬಡಿಗೆ ಇತ್ತು. ತೆಗೆದ. "ಇದಕ್ಕ ಹೈಬ್ರಿಡ್ ಅಂತಾರ್ರಿ."

ಹೈಬ್ರಿಡ್! ಬೀಜ-ಗೊಬ್ಬರದ ಅಂಗಡಿ ನಡೆಸುವ ಕಾಕಾ ಮುಂದಕ್ಕೆ ಜರುಗಿ ಕುಳಿತರು.

ಅವನು ಹೇಳಿದ್ದಿಷ್ಟು. ಬಲು ದೂರಕ್ಕೆ ಹೊಡೆಯಲು 'ವುಡ್': ದಪ್ಪ ತಲೆ, ಉದ್ದ ಹಿಡಿ. ಗುರಿ ನೋಡಿ ಹೊಡೆಯಲು 'ಐರನ್': ತೆಳು ತಲೆ. ಆದರೆ ಚೆಂಡು ಎತ್ತರದ ಹುಲ್ಲಿಗೆ ಬಿದ್ದು, ಗುರಿ ಇನ್ನೂ ದೂರ ಇದ್ದರೆ? ಐರನ್ನಿನ ಕುತ್ತಿಗೆಗೆ ಹುಲ್ಲು ಸುತ್ತಿಕೊಳ್ಳುತ್ತದೆ. ವುಡ್ಡಿನ ತಲೆ ಚೆಂಡಿನ ಬುಡಕ್ಕೆ ಇಳಿಯುವುದಿಲ್ಲ. ಆಗ ಹೈಬ್ರಿಡ್. ಹೊಟ್ಟೆ ವುಡ್ಡಿನದು, ಅಳತೆ ಐರನ್ನಿನದು, ಭಾರವೆಲ್ಲ ತಳದಲ್ಲಿ.

"ಚೆಂಡ ಎತ್ತಾಕ ಹೋಗಬಾರದ್ರಿ. ಕೆಳಮುಖ ಹೊಡೀಬೇಕು. ಅದs ಏಳತೈತಿ."

"ಕೆಳಗ ಹೊಡದ್ರ ಮ್ಯಾಲ ಹ್ಯಾಂಗ ಏಳತೈತ್ರಿ?" ಬಿಡುತ್ತೇನೆಯೇ ನಾನು?

"ಅದರ ಮಾರಿ ಓರಿ ಐತಲ್ರಿ, ಹಿಂದಕ್ಕ ವಾಲಿದಂಗ. ಎತ್ತೋ ಕೆಲಸ ಅದರದು, ನಮ್ಮದಲ್ಲ."

ಕಾಕಾ ತೊಡೆ ತಟ್ಟಿದರು. "ಅಂದ್ರ ಎರಡರ ಗುಣಾನೂ ಒಂದರಾಗ! ನಮ್ಮ ಗೊಂಜಾಳ ಬೀಜದಂಗ!"

ಒಳಗೆ ಅಕ್ಕ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿದಳು. (ಆಮೇಲೆ ಕುಡಿದವಳು ನಾನು.)

ಅಲ್ಲಿಗೇ ನಿಲ್ಲಿಸಬೇಕಿತ್ತು. ಡಿಬೇಟಿನ ಚಟ, ಇನ್ನೊಂದು ಪ್ರಶ್ನೆ ಎಸೆದೆ. "ಮನ್ಯಾಗ ಕನ್ನಡನೋ, ಮರಾಠಿನೋ?"

"ಅಪ್ಪನ ಜೋಡಿ ಕನ್ನಡ, ಅವ್ವನ ಜೋಡಿ ಮರಾಠಿ ರಿ."

ಕಾಕಾನ ಬೆನ್ನು ನೆಟ್ಟಗಾಯಿತು. "ಅವ್ವಾರು ಯಾವ ಪೈಕಿ?"

ನಮ್ಮಲ್ಲಿ ಜಾತಿಯನ್ನು ಹೀಗೇ ಕೇಳುವುದು, ಮೆಲ್ಲಗೆ. ಅವನೂ ಮೆಲ್ಲಗೇ ಹೇಳಿದ. "ಬ್ಯಾರೆ ಪೈಕಿ ರಿ. ಅಪ್ಪ-ಅವ್ವಂದು ಲವ್ ಮ್ಯಾರೇಜ್."

ಅಪ್ಪ ತಮ್ಮ ಕಾಲಬೆರಳು ನೋಡತೊಡಗಿದರು. ಕಾಕಾ ನಕ್ಕರು. "ಅಂದ್ರ ಬಡಿಗಿ ಅಷ್ಟs ಅಲ್ಲ, ಹುಡುಗನೂ ಹೈಬ್ರಿಡ್ ಅನ್ರಿ."

ಬೀಜ ಹೈಬ್ರಿಡ್ ಆದರೆ ಸೈ, ಆಕಳು ಹೈಬ್ರಿಡ್ ಆದರೆ ಸೈ, ಬಡಿಗೆಯಾದರೂ ಸೈ. ಮನುಷ್ಯನಿಗೆ ಮಾತ್ರ ಅದು ಬೈಗುಳವೇ? ಈ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಪ್ರಶ್ನೆ ಎಸೆದು ಕಾಕಾನಿಗೆ ಬಾಗಿಲು ತೆರೆದುಕೊಟ್ಟವಳು ನಾನೇ ಅಲ್ಲವೇ?

ಅಷ್ಟರಲ್ಲಿ ಅಕ್ಕ ಹೊರಬಂದಳು. ಚಹಾದ ಟ್ರೇಯನ್ನು ಕಾಕಾನ ಮುಂದೆ ಕುಕ್ಕಿ, ಹುಡುಗನತ್ತ ತಿರುಗಿದಳು.

"ಇದನ್ನ ಹ್ಯಾಂಗ ಹಿಡೀಬೇಕ್ರಿ?"

ತಡೆಯಲು ಯಾರಿಗೂ ತೋಚಲಿಲ್ಲ. ಅಂಗಳದಾಚೆಯ ಹುಲ್ಲಿನಲ್ಲಿ ಅವನು ಚೆಂಡು ಇಟ್ಟ. ಎರಡು ಹೆಜ್ಜೆ ದೂರ ನಿಂತು ಹೇಳಿಕೊಟ್ಟ: ಚೆಂಡು ಎರಡು ಕಾಲುಗಳ ನಡುವಿಗಿಂತ ಚೂರು ಎಡಕ್ಕಿರಲಿ, ಹಿಡಿತ ಸಡಿಲ ಇರಲಿ. ಮೊದಲ ಏಟಿಗೆ ಅಕ್ಕ ಚೆಂಡನ್ನು ಎತ್ತಲು ಹೋದಳು. ಬರೀ ಗಾಳಿ. ಕಾಕಾ ಕಿಸಕ್ಕೆಂದರು. ಅಕ್ಕ ಸೆರಗು ಸಿಕ್ಕಿಸಿದಳು. ಈ ಸಲ ಕೆಳಕ್ಕೆ ಹೊಡೆದಳು. ಹುಲ್ಲು ಹರಿಯಿತು, ಚೆಂಡು ಎದ್ದಿತು, ಬಣವೆ ದಾಟಿ ನಮ್ಮ ಕಬ್ಬಿನೊಳಗೆ ಬಿತ್ತು.

ತಿರುಗಿ ನೋಡಿದಳು. ಕಾಕಾನನ್ನಲ್ಲ, ಅಪ್ಪನನ್ನು.

"ತಿಳಸ್ತೇವ್ರಿ" ಎಂದರು ಅಪ್ಪ. ಹುಡುಗ ಹೋದ.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋದರೆ ಸಂಬಂಧ ಮುಂದುವರಿದಂತೆ. ಹೋಗದಿದ್ದರೆ ಮುಗಿದಂತೆ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ತಿಳಸ್ತೇವ್ರಿ' ಎಂದು ಸುಮ್ಮನಾಗುತ್ತಾರೆ. (ಇದಕ್ಕಿಂತ ಕ್ರೂರವಾದ ಮರ್ಯಾದೆ ಇನ್ನೊಂದಿದೆಯೇ?) ಅಪ್ಪ ಐದು ದಿನ ಸುಮ್ಮನಿದ್ದರು. ಅಕ್ಕ ಐದು ದಿನ ಅರ್ಧ ರೊಟ್ಟಿಗೇ ಊಟದಿಂದ ಎದ್ದಳು.

ಇಂದು ಬೆಳಿಗ್ಗೆ ಅಪ್ಪ ಕಬ್ಬಿನ ಸಾಲಿನಿಂದ ಹೊರಬಂದರು. ಮೊಳಕೈವರೆಗೂ ಎಲೆ ಕೊಯ್ದ ಗೀರು. ಮುಷ್ಟಿಯಲ್ಲಿ ಬಿಳಿ ಚೆಂಡು.

"ಮಂದೀದ ಸಾಮಾನು. ಹೊಳ್ಳಿ ಕೊಡಬೇಕಲ್ಲ" ಎಂದರು, ಯಾರ ಮುಖವನ್ನೂ ನೋಡದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಒಂದೇ ಒಂದು ಪ್ರಶ್ನೆ ಕೇಳಿದೆ.

"ಅಪ್ಪಾ, ಅವರ ಮನೀಗೆ ಹೋಗಿ ಕೊಡ್ತೀಯೊ, ಕೊರಿಯರ್ ಮಾಡ್ತೀಯೊ?"