ತಿದಿ ಇಲ್ಲದ ಪೇಟಿ

ಕೀಬೋರ್ಡಿನ ಮುಂದೆ ಕೂತಾಗ ನನ್ನ ಬಲಗೈ ಹೊಸ ಕಾಲದಲ್ಲಿರುತ್ತದೆ, ಎಡಗೈ ಮಾತ್ರ ಇನ್ನೂ ಹಳೆಯ ಪೇಟಿಯ ತಿದಿ ಒತ್ತುತ್ತಿರುತ್ತದೆ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅದರ ಬೆನ್ನಿಗಿರುವ ತಿದಿಯನ್ನು ಎಡಗೈಯಿಂದ ಎಳೆದು ಒತ್ತಿದರೇ ಗಾಳಿ, ಗಾಳಿ ಇದ್ದರೇ ಸ್ವರ. ಕೀಬೋರ್ಡಿಗೆ ಗಾಳಿ ಬೇಡ, ಕರೆಂಟು ಸಾಕು. ಇದನ್ನು ನನ್ನ ಎಡಗೈಗೆ ಯಾರೂ ತಿಳಿಸಿ ಹೇಳಿಲ್ಲವಾದ್ದರಿಂದ ಅದು ಬರಿಗಾಳಿಯಲ್ಲೇ ಹಿಂದೆ ಮುಂದೆ ಆಡುತ್ತದೆ. ಮೊದಲ ದಿನ ಅದನ್ನು ಕಂಡ ನನ್ನ ಹೆಂಡತಿ, “ಏನ್ರೀ, ಯಾರಿಗೆ ಗಾಳಿ ಬೀಸಾಕ ಹತ್ತೀರಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಯಂತ್ರ ಮನೆಗೆ ಬಂದದ್ದು ಇಲಿಯ ಕೃಪೆಯಿಂದ. ತೊಂಬತ್ತರ ದಶಕದ ಕೊನೆ ಅದು. ನಾನು ಬೈಲಹೊಂಗಲದಲ್ಲಿ ಮಾಸ್ತರನಾಗಿದ್ದೆ, ಸೋಮವಾರ ಬಂತೆಂದರೆ ನಮ್ಮೂರು ಸಂಪಗಾಂವದ ಭಜನಾ ಮಂಡಳಿಗೆ ಪೇಟಿ ಬಾರಿಸುತ್ತಿದ್ದೆ. ಮಠದ ಮೂಲೆಯಲ್ಲಿದ್ದ ಪೇಟಿಯ ತಿದಿಯನ್ನು ಇಲಿ ಕಡಿದು ಹಾಕಿತು. ಅದಕ್ಕೊಂದು ತೇಪೆ ಹಾಕಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನಗೆ ಆಗ ಹೊಸದರ ಹುಚ್ಚು. ಹುಬ್ಬಳ್ಳಿಗೆ ಹೋಗಿ ಸಿಂಥಸೈಜರ್ ಎಂಬ ಈ ಕೀಬೋರ್ಡನ್ನು ಹೊತ್ತು ತಂದೆ. ಅದರಲ್ಲಿ ಕೊಳಲಿತ್ತು, ಶಹನಾಯಿ ಇತ್ತು, ಮಳೆ ಸುರಿಯುತ್ತಿತ್ತು, ಹೆಲಿಕಾಪ್ಟರ್ ಹಾರುತ್ತಿತ್ತು. ಚಪ್ಪಾಳೆಗೂ ಒಂದು ಗುಂಡಿ ಇದ್ದುದರಿಂದ ಕೇಳುವವರು ಬರದಿದ್ದರೂ ನಡೆಯುತ್ತಿತ್ತು.

ನಮ್ಮ ಮಂಡಳಿಯ ಮುಖ್ಯ ದನಿ ನನ್ನ ಕಾಕಾ, ಅಪ್ಪನ ತಮ್ಮ. ಹೊಲದಲ್ಲಿ ನಿಂತು ಕರೆದರೆ ಆಚೆ ಹೊಲದ ಎತ್ತೂ ತಿರುಗಿ ನೋಡುವಂಥ ದನಿ. ಹೊಸ ವಾದ್ಯದ ಮೊದಲ ಸೋಮವಾರ ಅವರು ಎರಡು ನುಡಿ ಹಾಡಿ, ಮೂರನೆಯದಕ್ಕೆ ಏದುಸಿರು ಬಿಡುತ್ತ ನಿಂತುಬಿಟ್ಟರು.

“ತಮ್ಮಾ, ನಿನ್ನ ಮಷೀನ ಛಲೋ ಐತಿ. ಆದ್ರ ಅದು ಉಸುರ ತಗೊಳ್ಳೂದಿಲ್ಲ. ಅದರ ಬೆನ್ನ ಹತ್ತಿ ಹಾಡಿದ್ರ ನಾ ಉಳಿಯೂದಿಲ್ಲ.”

ಮುಂದಿನ ಸೋಮವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಉಳಿದವರು ಹಾಡಿದರು, ಆದರೆ ಉಪ್ಪಿಲ್ಲದ ಸಾರಿನಂತಾಯಿತು. ಶ್ರಾವಣ ಹತ್ತಿರ ಬರುತ್ತಿತ್ತು. ಕಾಕಾ ಇಲ್ಲದ ಶ್ರಾವಣವನ್ನು ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಯಂತ್ರಕ್ಕೆ ಉಸಿರಾಡಲು ಕಲಿಸಿಯೇ ತೀರುವುದೆಂದು ಹಟ ಹಿಡಿದೆ.

ಕಂಪನಿಯವರೇ ಅದರೊಳಗೆ ಒಂದು ಹಾರ್ಮೋನಿಯಂ ದನಿ ಇಟ್ಟಿದ್ದರು. ಆದರೆ ಅದು ಸೂಟು ಬೂಟು ಹಾಕಿಕೊಂಡು ಭಜನೆಗೆ ಬಂದ ಹಾಗಿತ್ತು. ಅದನ್ನು ತಿದ್ದಲು ಯಂತ್ರದ ಹೊಟ್ಟೆಯೊಳಕ್ಕೆ ಇಳಿಯಬೇಕು. ಅಲ್ಲಿ ಒಂದೊಂದು ಸ್ವರಕ್ಕೂ ಜಾತಕವಿದೆ. ಹೇಗೆ ಹುಟ್ಟಬೇಕು, ಎಷ್ಟು ಬೇಗ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಬೆರಳು ತೆಗೆದ ಮೇಲೆ ಎಷ್ಟು ಹೊತ್ತು ಉಳಿಯಬೇಕು, ಎಲ್ಲವನ್ನೂ ನಾವೇ ಬರೆಯಬಹುದು. ಬ್ರಹ್ಮನಿಗೂ ಇಷ್ಟು ಗುಂಡಿಗಳಿದ್ದವೋ ಇಲ್ಲವೋ! ಈ ಸೋಜಿಗ ಅದರ ದೊಡ್ಡ ಗುಣ. ದೋಷವೆಂದರೆ ಬ್ರಹ್ಮಾಂಡವನ್ನೆಲ್ಲ ಬೀಡಿ ಕಟ್ಟಿನಷ್ಟಗಲದ ಪರದೆಯಲ್ಲಿ ನೋಡಬೇಕು. ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ, ಅದರೊಳಗೆ ಮತ್ತೊಂದು. ಸಾಸಿವೆ ಬೇಕೆಂದರೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸಾಲಾಗಿ ತೆಗೆದು ಮುಚ್ಚಿದಂತೆ. ಒಂದು ಭಾನುವಾರವಿಡೀ ಕೂತು ಸ್ವರವನ್ನು ಹದಕ್ಕೆ ತಂದಿದ್ದೆ. ‘ಸೇವ್’ ಒತ್ತುವ ಮೊದಲೇ ಊಟಕ್ಕೆ ಕರೆ ಬಂತು, ಸ್ವಿಚ್ ಆರಿಸಿ ಎದ್ದೆ. ರೊಟ್ಟಿ ಮುರಿಯುವಾಗ ನೆನಪಾಯಿತು.

ಬೇಸರವಾದಾಗ ಪೇಟಿಯ ಪೂರ್ವಾಪರವನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದೂ ಕಡಲು ದಾಟಿ ಬಂದದ್ದೇ. ಅಲ್ಲಿ ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ತುಳಿಯುತ್ತಿದ್ದರು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕುವ ಜನ, ಅದರ ಕಾಲು ತೆಗೆದು ತಿದಿಯನ್ನು ಕೈಗೆ ಕೊಟ್ಟೆವು. ಸಂಗೀತದ ಹಿರಿಯರು ಬಹಳ ಕಾಲ ಅದನ್ನು ಹೊರಗೇ ಇಟ್ಟಿದ್ದರಂತೆ. ಈಗ ಅದು ನಮ್ಮೂರ ಮಠದ್ದೇ ಪೇಟಿ. ಈ ಯಂತ್ರವೂ ಒಂದು ದಿನ ನೆಲಕ್ಕೆ ಕೂತೀತು ಅನ್ನಿಸುತ್ತಿತ್ತು.

ಕೊನೆಗೆ ದಾರಿ ಸಿಕ್ಕಿದ್ದು ಎಡಗಡೆಯ ಚಿಕ್ಕ ಚಕ್ರದಲ್ಲಿ. ಸ್ವರವನ್ನು ನಡುಗಿಸಲು ಇಟ್ಟ ಚಕ್ರ ಅದು. ಅದರ ಕೆಲಸ ಬಿಡಿಸಿ ದನಿಯ ಏರಿಳಿತವನ್ನು ವಹಿಸಿಕೊಟ್ಟೆ. ಮುಂದೆ ತಳ್ಳಿದರೆ ಸ್ವರ ತುಂಬುತ್ತದೆ, ಹಿಂದೆ ಎಳೆದರೆ ಇಳಿಯುತ್ತದೆ. ನನ್ನ ನಿರುದ್ಯೋಗಿ ಎಡಗೈಗೆ ನೌಕರಿ ಸಿಕ್ಕಿತು. ಈ ಸಲ ಮೊದಲು ಸೇವ್ ಒತ್ತಿ, ಆಮೇಲೆ ಕಾಕಾನ ಮನೆಗೆ ಓಡಿದೆ.

“ಕಾಕಾ, ಒಂದ ಸಲ ಬಂದು ಕೇಳ್ರಿ. ಈಗ ಅದೂ ಉಸುರ ಆಡತೈತಿ.”

“ಮಷೀನಕ್ಕ ಜೀಂವಾ ತುಂಬೀದಿ ಏನು? ಬರತೇನಿ ತಡಿ, ಅದನ್ನೂ ಒಂದು ನೋಡೂಣು.”

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಕಾಕಾ ಬಂದರು. ಎಂದಿನಂತೆ ನನ್ನ ಎಡಕ್ಕೇ ಕೂತರು. ನಾನು ಚಕ್ರ ತಳ್ಳಿದೆ, ಅವರು ದನಿ ಎತ್ತಿದರು. ಮೂರನೆಯ ನುಡಿಯನ್ನೂ ಸಲೀಸಾಗಿ ದಾಟಿದರು. ನಾನು ಒಳಗೊಳಗೇ ಬೀಗುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು.

ಪರದೆ ಕಪ್ಪಾಯಿತು, ಯಂತ್ರ ಬಾಯಿ ಮುಚ್ಚಿತು. ತಾಳ, ಡೋಲಕ್ ನಡೆದೇ ಇದ್ದವು. ಕಾಕಾನೂ ನಿಲ್ಲಿಸಲಿಲ್ಲ. ನನ್ನ ಎಡಗೈ ಚಕ್ರ ಬಿಟ್ಟು, ತನ್ನ ಹಳೆಯ ಚಾಳಿಯಂತೆ ಬರಿಗಾಳಿಯಲ್ಲಿ ತಿದಿ ಒತ್ತತೊಡಗಿತ್ತು. ನಾಚಿ ನಿಲ್ಲಿಸಬೇಕೆನ್ನುವಾಗ ಕಾಕಾನ ಕಡೆ ನೋಡಿದೆ. ಅವರು ಅರೆಗಣ್ಣಿನಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದರು. ಕೈ ತಿದಿ ತೆರೆದಾಗ ಉಸಿರು ಎಳೆದುಕೊಳ್ಳುತ್ತಿದ್ದರು, ಒತ್ತಿದಾಗ ಸಾಲನ್ನು ಉದ್ದಕ್ಕೆ ಬಿಡುತ್ತಿದ್ದರು. ಇಷ್ಟು ವರ್ಷವೂ ಹೀಗೇ ನಡೆದಿರಬೇಕು. ಬಲಗೈಯ ಕಡೆಗೇ ಲಕ್ಷ್ಯವಿಟ್ಟ ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ಕಣ್ಣು ತುಂಬಿತು. ಕೈ ನಿಲ್ಲಿಸಲಿಲ್ಲ.

ಪದ ಮುಗಿಯಿತು. ಕಾಕಾ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, “ಕಡೀ ನುಡಿಗೆ ಛಲೋ ಸಾಥ್ ಕೊಟ್ಟಿ ನೋಡು,” ಎಂದರು.

“ಆವಾಗ ಕರೆಂಟ ಇರಲಿಲ್ಲರೀ ಕಾಕಾ.”

“ಕೈ ಇತ್ತಲ್ಲೋ!”

ಕರೆಂಟು ಬಂದಾಗ ಕೀಬೋರ್ಡು, ಸ್ವಿಚ್ ಹಾಕಿದಾಗಲೆಲ್ಲ ಆಗುವಂತೆ, ತನ್ನ ಪಾಡಿಗೆ ತಾನು ಪಿಯಾನೋ ಆಗಿ ಎದ್ದು ಕೂತಿತ್ತು. ಈಗಲೂ ಬಿಡುವಾದಾಗ ಅದರ ಗುಂಡಿಗಳನ್ನು ಒತ್ತುತ್ತ ಕೂರುತ್ತೇನೆ, ಆ ಸೋಜಿಗ ಇನ್ನೂ ತೀರಿಲ್ಲ. ಎಡಗೈಯೂ ತನ್ನ ಚಾಳಿ ಬಿಟ್ಟಿಲ್ಲ. ಯಾರಿಗೆ ಗಾಳಿ ಬೀಸುತ್ತಿದ್ದೀರಿ ಎಂದು ಹೆಂಡತಿ ಕೇಳಿದರೆ ಈಗ ನನ್ನಲ್ಲಿ ಉತ್ತರವಿದೆ:

“ಕಾಕಾಗ.”