ಹೊಳೆಪ್ಪನ ಆರು ನಿಮಿಷದ ಗಂಜಿ

ಮುಖ್ಯ ಅತಿಥಿಯಾಗಿ ಬಂದವರು ಭಾಷಣ ಮಾಡಿ, ಹಾರ ಹಾಕಿಸಿಕೊಂಡು, ಮರ್ಯಾದೆಯಿಂದ ಹೊರಟುಬಿಡಬೇಕು. ಪ್ರಯೋಗಾಲಯ ನೋಡುತ್ತೇನೆ ಎಂದು ಹಟ ಹಿಡಿಯಬಾರದು. ಇದನ್ನು ಬರೆಯುತ್ತಿರುವವನಿಗೆ ಐವತ್ತೆರಡು ವರ್ಷವಾದರೂ ಅಷ್ಟು ತಿಳಿವಳಿಕೆ ಬಂದಿರಲಿಲ್ಲ. ಜಮಖಂಡಿಯ ಕಾಲೇಜೊಂದರ ವಿಜ್ಞಾನ ದಿನಾಚರಣೆಗೆ ವಿಜ್ಞಾನಿಗಳು ಯಾರೂ ಸಿಗದೆ, ನಗಿಸುವವನಾದರೂ ಬರಲಿ ಎಂದು ಅವನನ್ನು ಕರೆದಿದ್ದರು. ಫೆಬ್ರವರಿ ಕೊನೆಯ ಬಿಸಿಲು. ಮುಕ್ಕಾಲು ಗಂಟೆ ಮಾತಾಡಿ ಗಂಟಲು ಒಣಗಿತ್ತು. ಜೀವರಸಾಯನ ವಿಭಾಗದ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಬೆಳ್ಳಗೆ, ತೆಳ್ಳಗೆ ಏನೋ ಇತ್ತು. ಅತಿಥಿಗೆಂದು ಇಟ್ಟ ಮಜ್ಜಿಗೆ ಎಂದುಕೊಂಡು ಆ ಮಹಾಶಯ ಒಂದೇ ಗುಟುಕಿಗೆ ಅರ್ಧ ಇಳಿಸಿದ. ಸುತ್ತ ನಿಂತಿದ್ದ ಇಪ್ಪತ್ತು ವಿದ್ಯಾರ್ಥಿನಿಯರು ಉಸಿರು ಬಿಗಿಹಿಡಿದರು.

“ಸಾಹೇಬ್ರ, ಅದು ಮಜ್ಜಿಗಿ ಅಲ್ರಿ,” ಎಂದ ಖಾಕಿ ಅಂಗಿಯ ಅಟೆಂಡರ್. “ಪ್ರಯೋಗದ ಗಂಜಿ. ಅದರಾಗ ಉಗುಳು ಹಾಕಿ ಟೈಮ್ ನೋಡತೇವ್ರಿ.”

ಅತಿಥಿ ಸಣ್ಣ ದನಿಯಲ್ಲಿ ಕೇಳಿದ: “ಹಾಕಿ ಆಗಿತ್ತೇನು?”

“ಸಿಹಿ ಹತ್ತಿತೇನ್ರಿ?”

“ಇಲ್ಲ.”

“ಹಂಗಾರ ಇನ್ನಾ ಬಿದ್ದಿಲ್ಲ ಬಿಡ್ರಿ. ಉಗುಳು ಬಿದ್ರ ಗಂಜಿ ಸಕ್ರಿ ಆಗತೈತಿ.”

ಅಟೆಂಡರನ ಹೆಸರು ಹೊಳೆಪ್ಪ. ಅವನ ಕತೆಯನ್ನು ಅಂದು ಸಂಜೆ ಚಹಾ ಕುಡಿಯುತ್ತ, ಅದು ಚಹಾನೇ ಹೌದೋ ಎಂದು ಈ ಮಹಾಶಯ ಎರಡು ಸಲ ಮೂಸಿ ನೋಡಿದ ಮೇಲೆ, ಹೇಳಿದವಳು ಅದೇ ವಿಭಾಗದ ಅತಿಥಿ ಉಪನ್ಯಾಸಕಿ ಅನುರಾಧಾ.

ಹೊಳೆಪ್ಪ ಹುನ್ನೂರಿನವನು. ಅಪ್ಪ, ಅಜ್ಜ ಎಲ್ಲರೂ ಕುರಿ ಕಾಯ್ದವರು. ಇವನೊಬ್ಬ ಹತ್ತನೆಯ ಇಯತ್ತೆ ದಾಟಿ, ಇಪ್ಪತ್ತೇಳು ವರ್ಷದ ಹಿಂದೆ ಈ ಕಾಲೇಜಿಗೆ ಸೇರಿದ. ಆಗ ವಿಭಾಗದ ಮುಖ್ಯಸ್ಥರಾಗಿದ್ದವರು ಪಾಂಡುರಂಗರಾಯರು. ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿಯೇ ಪಾಠಕ್ಕೆ ಬರುವ ಮಡಿವಂತರು. ಅವರ ಕರ್ಮಕ್ಕೆ ಪಠ್ಯದಲ್ಲಿ ಮೊದಲ ಪ್ರಯೋಗವೇ ಎಂಜಲಿನದು. ಗಂಜಿಗೆ ಉಗುಳು ಬೆರೆಸಬೇಕು. ನಿಮಿಷಕ್ಕೊಂದು ಹನಿ ತೆಗೆದು ಅಯೋಡಿನ್ನಿಗೆ ಬಿಡಬೇಕು. ಗಂಜಿ ಉಳಿದಿರುವವರೆಗೆ ಹನಿ ಕಡುನೀಲಿ. ಉಗುಳಿನಲ್ಲಿರುವ ಕಿಣ್ವ ಗಂಜಿಯನ್ನೆಲ್ಲ ಅರಗಿಸಿ ಸಕ್ಕರೆ ಮಾಡಿದ ಗಳಿಗೆಗೆ ನೀಲಿ ಮಾಯ. ಎಷ್ಟು ನಿಮಿಷ ಹಿಡಿಯಿತು ಎಂದು ಬರೆದರೆ ಪ್ರಯೋಗ ಮುಗಿಯಿತು. ರಾಯರು ಉಗುಳಿಗೆ ‘ಲಾಲಾರಸ’ ಎನ್ನುತ್ತಿದ್ದರು. ಅದನ್ನು ಉಚ್ಚರಿಸಿಯೂ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು.

ಆ ವರ್ಷ ಪರೀಕ್ಷೆಯ ದಿನ ಯಾರ ನೀಲಿಯೂ ಹೋಗಲೊಲ್ಲದು. ಹತ್ತಾಯಿತು, ಹದಿನೈದಾಯಿತು, ಇಪ್ಪತ್ತು ನಿಮಿಷವಾಯಿತು. ಐದೂ ಹತ್ತರ ಸಾವಳಗಿ ಬಸ್ಸು ತಪ್ಪಿದರೆ ಊರು ಮುಟ್ಟುವುದು ಹೇಗೆಂದು ಹುಡುಗಿಯರು ಅಳುವುದಕ್ಕೆ ಶುರುಮಾಡಿದರು.

“ಹೊಳೆಪ್ಪಾ, ನೀನ ಏನಾರ ಮಾಡಪಾ,” ಎಂದರು ರಾಯರು. “ನಾ ಈ ಕಡೆ ನೋಡೂದಿಲ್ಲ.”

ಹೊಳೆಪ್ಪ ಗಂಜಿಯ ಪಾತ್ರೆಯನ್ನು ಒಳಗೆ ಒಯ್ದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಂದಿಟ್ಟ. ಗುರುಗಳ ಎದುರಿಗೆ ಉಗುಳಬಾರದೆಂದು ಗೋಡೆಯ ಕಡೆ ತಿರುಗಿ, ಮೊದಲು ತಾನೇ ಪ್ರನಾಳಿಗೆ ಉಗುಳಿ ತೋರಿಸಿದ. ಆರನೆಯ ನಿಮಿಷಕ್ಕೆ ನೀಲಿ ಹೋಯಿತು. ಆಮೇಲೆ ಎಲ್ಲರದೂ ಆರೇ ನಿಮಿಷ. ಎಲ್ಲರಿಗೂ ಬಸ್ಸು ಸಿಕ್ಕಿತು.

ಅಂದಿನಿಂದ ಆ ಪ್ರಯೋಗ ಹೊಳೆಪ್ಪನ ವಶಕ್ಕೆ ಬಂತು. ರಬಕವಿಯ ನೇಕಾರರು ನೂಲಿನ ಗಂಜಿಯ ಹದ ನೋಡುವಂತೆ ಬೆರಳಲ್ಲೇ ಹದ ನೋಡಿ ಗಂಜಿ ಕಾಸುತ್ತಿದ್ದ. ಆರು ನಿಮಿಷ ಎಂಬುದು ಕಾಲೇಜಿನಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟೇ ಖಚಿತವಾಯಿತು. ಬೀಳಗಿಯ ಬ್ಯಾಂಕಿನಲ್ಲಿ, ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕುರ್ಚಿ ಹಿಡಿದ ಎಷ್ಟೋ ಜನ ಹೊಳೆಪ್ಪನ ಗಂಜಿಯಲ್ಲಿ ಪಾಸಾದವರು. ರಾಯರು ನಿವೃತ್ತರಾದರು. ಆರು ನಿಮಿಷ ಮಾತ್ರ ಸೇವೆಯಲ್ಲಿ ಮುಂದುವರಿಯಿತು.

ಇದೇ ಕಾಲೇಜಿನಲ್ಲಿ ಓದಿದ ಅನುರಾಧಾ ಕೂಡ ಸಾವಳಗಿ ಬಸ್ಸಿನವಳೇ. ಬೀರಪ್ಪನ ಒಕ್ಕಲಿನ ಕುರಿಗಾರರ ಮಗಳು, ಆ ಮನೆತನದಲ್ಲಿ ಪಿಎಚ್‌.ಡಿ.ಗೆ ಹೆಸರು ಹಚ್ಚಿದ ಮೊದಲಿಗಳು. ವಿಷಯವನ್ನು ಊರಿನಿಂದಲೇ ಆರಿಸಿಕೊಂಡಿದ್ದಳು: ಹುಟ್ಟಿದಾಗಿನಿಂದ ಜೋಳದ ರೊಟ್ಟಿ ಉಂಡವರ ಉಗುಳು ಗಂಜಿಯನ್ನು ಬೇಗ ಅರಗಿಸುತ್ತದೆಯೇ? ಎಪ್ಪತ್ತು ದಾಟಿದ ಅರವತ್ತು ಜನರ ಉಗುಳು ಬೇಕಿತ್ತು. ಆರು ತಿಂಗಳಲ್ಲಿ ಮೊದಲ ವರದಿಗೆ ಮಾರ್ಗದರ್ಶಕಿ ಮೃಣ್ಮಯಿ ಮೇಡಂ ಸಹಿ ಹಾಕದಿದ್ದರೆ ನೋಂದಣಿಯೇ ರದ್ದು. ಊರೂರು ತಿರುಗಲು ಅವಳು ಹೊಳೆಪ್ಪನನ್ನು ಜೊತೆಗೆ ಕರೆದುಕೊಂಡಳು.

ಸಾವಳಗಿಯಲ್ಲಿ ಮೊದಲ ಕಟ್ಟೆ ಅನಸವ್ವನದು. ಬಾಯಲ್ಲಿ ಒಂದೂ ಹಲ್ಲಿಲ್ಲದಿದ್ದರೂ ಮಾತಿಗೆ ಮಾತ್ರ ಕಡಿತ ಜಾಸ್ತಿ.

“ಆಯೀ, ಇದರಾಗ ಒಂಚೂರು ಉಗುಳ್ರಿ,” ಎಂದು ಅನುರಾಧಾ ಪ್ರನಾಳ ಹಿಡಿದಳು.

“ನನ್ನ ಉಗುಳು ಒಯ್ದು ಯಾರಿಗೆ ಮಾಟ ಮಾಡಸಾಕಿ ಬೇ ನೀ?”

“ಮಾಟ ಅಲ್ಲಬೇ ಯಕ್ಕಾ, ಪರೀಕ್ಷಾ,” ಎಂದ ಹೊಳೆಪ್ಪ.

“ಈ ವಯಸ್ಸಿನ್ಯಾಗ ನನಗೆಂಥಾ ಪರೀಕ್ಷಾ ಲೇ? ನಪಾಸಾದ್ರ ಓಣ್ಯಾಗಿನ ಮಂದಿ ನಗೂದಿಲ್ಲೇನು?”

“ಆಗೂದಿಲ್ಲ. ನಾ ಅದೇನಿ.”

ಆ ಮಾತಿಗೆ ಅನಸವ್ವ ಬಾಯಿ ತೊಳೆದುಕೊಂಡು, ಸೆರಗು ಮರೆ ಮಾಡಿ, ಉಗುಳಿದಳು. ಅವಳು ಉಗುಳಿದ ಮೇಲೆ ಇಡೀ ಓಣಿ ಸಾಲು ಹಚ್ಚಿತು. ಹೊಳೆಪ್ಪ ಕ್ಯಾನಿನಿಂದ ಗಂಜಿ ಸುರಿದು ಹನಿ ಬಿಡುವುದು, ಅನುರಾಧಾ ಗಡಿಯಾರದ ಮೇಲೆ ಕಣ್ಣಿಟ್ಟು ಬರೆಯುವುದು. ನಾಲ್ಕು ತಿಂಗಳಲ್ಲಿ ಅರವತ್ತು ಜನ ಮುಗಿದರು. ಅರವತ್ತು ಜನರದೂ ಆರೇ ನಿಮಿಷ! ಜೋಳದ ಮಹಿಮೆ ಸಿದ್ಧವಾಯಿತೆಂದು ಅನುರಾಧಾ ಹಿಗ್ಗಿ ಹೀರೇಕಾಯಿಯಾದಳು. ಅಂಕಿಗಳನ್ನು ಮೇಡಂಗೆ ಕಳಿಸಿದಳು.

ಮೃಣ್ಮಯಿ ಮೇಡಂ ಫೋನ್ ಮಾಡಿದರು. “ಅರವತ್ತು ಮಂದಿ, ಎಲ್ಲಾರದೂ ಆರ ನಿಮಿಷ? ಅನುರಾಧಾ, ಒಬ್ಬನ ಮನಿಷಾನ ಉಗುಳು ಮುಂಜಾನಿ ಒಂಥರಾ ಸಂಜೀಕ ಒಂಥರಾ ಇರ್ತದ. ಇನ್ನ ಇಪ್ಪತ್ತು ದಿನಕ್ಕ ಬರ್ತೀನಿ. ನನಗ ಒಪ್ಪಿಗಿ ಆಗ್ಲಿಲ್ಲಾಂದ್ರ ಸಹಿ ಹಾಕೂದಿಲ್ಲ, ನೋಡು.”

ಮರುದಿನ ಹೊಳೆಪ್ಪ ರಜೆಯಲ್ಲಿದ್ದ. ಅಣ್ಣನ ಕುರಿಗಳ ಉಣ್ಣೆ ಕತ್ತರಿಸಲು ಹುನ್ನೂರಿಗೆ ಹೋಗಿದ್ದ. ಅನುರಾಧಾ ತಾನೇ ಹಿಟ್ಟು ತೂಗಿ ಗಂಜಿ ಕಾಸಿದಳು. ಕಾಲೇಜಿನ ಕಾರಕೂನನನ್ನೂ ಕಾವಲುಗಾರನನ್ನೂ ಕರೆದು ಉಗುಳಿಸಿದಳು. ಒಬ್ಬನದು ಒಂಬತ್ತು ನಿಮಿಷ, ಇನ್ನೊಬ್ಬನದು ಹದಿನಾಲ್ಕು. ಕೊನೆಗೆ ತನ್ನದೇ ಹಾಕಿದಳು: ಹನ್ನೊಂದು. ಮನೆಗೆ ಹೋಗಿ ತನ್ನ ಹಳೆಯ ಪ್ರಾಯೋಗಿಕ ವಹಿ ಹುಡುಕಿದಳು. ‘ಆರು ನಿಮಿಷ’ ಎಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪಾಂಡುರಂಗರಾಯರ ‘ಉತ್ತಮ’.

ಮಾರನೆಯ ದಿನ ಹೊಳೆಪ್ಪ ಮೈಗೆಲ್ಲ ಉಣ್ಣೆ ಅಂಟಿಸಿಕೊಂಡೇ ಕೆಲಸಕ್ಕೆ ಬಂದ.

“ಕಾಕಾ, ಗಂಜಿಗೆ ಹಿಟ್ಟು ಎಷ್ಟು ಹಾಕ್ತೀರಿ?”

“ಯಾರಿಗ್ರಿ?”

“ಯಾರಿಗೆ ಅಂದ್ರ?”

“ಅಲ್ರಿ ಮೇಡಂ, ಹಲ್ಲಿಲ್ಲದ ಅನಸವ್ವಗ ಗಟ್ಟಿ ಗಂಜಿ ಹಾಕಾಕ ಬರತೈತೇನ್ರಿ? ಆಕಿ ಎದುರು ಕಟ್ಟಿ ಗಿರಿಮಲ್ಲಪ್ಪಗ ತಂಬಾಕದ ಚಟ, ಅವಗ ಇನ್ನಟ್ಟು ತಿಳೀದು. ಯಾರಿಗೆ ಎಟ್ಟು ಅರಗತೈತಿ ಅಟ್ಟ ಬಡಸಬೇಕಲ್ರಿ.”

ಅವನ ಕ್ಯಾನು ಒಂದಲ್ಲ, ಮೂರು. ಗಟ್ಟಿ, ನಡುವಿನದು, ತಿಳಿ. ಮುಖ ನೋಡಿ ಸುರಿಯುತ್ತಿದ್ದ. ಇಪ್ಪತ್ತೇಳು ವರ್ಷ ಅವನು ಪ್ರಯೋಗ ಮಾಡಿರಲಿಲ್ಲ, ಪಂಕ್ತಿ ಬಡಿಸಿದ್ದ.

“ಇದು ಊಟ ಅಲ್ಲ ಕಾಕಾ, ಅಳತಿ! ನನ್ನ ನಾಲ್ಕು ತಿಂಗಳು ಹೊಳ್ಯಾಗ ಹೋತು!” ಎಂದಳು ಅನುರಾಧಾ.

ಹೊಳೆಪ್ಪ ಅಂಗಿಯ ಮೇಲಿನ ಉಣ್ಣೆಯನ್ನು ಒಂದೊಂದೇ ಎಳೆಯಾಗಿ ತೆಗೆಯುತ್ತ ನಿಂತ. “ಮಂದಿ ನಂಬಿ ಉಗುಳು ಕೊಟ್ಟಾರ್ರಿ. ಅವ್ರ ಎದುರಿಗೇ ನಪಾಸ ಅಂತ ಹ್ಯಾಂಗ ಬರಸ್ಲಿ?” ಎಂದ. ಆಮೇಲೆ ದನಿ ಇಳಿಸಿ ಹೇಳಿದ: “ನೀವೇನು ಕಾಳಜಿ ಮಾಡಬ್ಯಾಡ್ರಿ. ಮೇಡಂ ಬಂದ ದಿನಾನೂ ಆರ ನಿಮಿಷ ಬರತೈತಿ. ನಾ ಅದೇನಿ.”

ಬರುತ್ತಿತ್ತು. ಅದರಲ್ಲಿ ಸಂಶಯವಿರಲಿಲ್ಲ. ಇಪ್ಪತ್ತೇಳು ವರ್ಷ ಎಷ್ಟೋ ಪರೀಕ್ಷಕರ ಕಣ್ಣೆದುರೇ ಬಂದದ್ದು ಈಗೇಕೆ ಬಾರದು? ಸಹಿ ಬೀಳುತ್ತಿತ್ತು, ನೋಂದಣಿ ಉಳಿಯುತ್ತಿತ್ತು. ಅನುರಾಧಾ ಒಂದು ಕ್ಷಣ ಯೋಚಿಸಿದಳು. ಖರೆ ಹೇಳಬೇಕೆಂದರೆ ಒಂದು ಕ್ಷಣವಲ್ಲ, ಒಂದು ಇಡೀ ಪಿರಿಯಡ್ಡು ಯೋಚಿಸಿದಳು ಎಂದು ಅವಳೇ ಹೇಳಿದಳು. ಗಂಟೆ ಬಾರಿಸಿದಾಗ ಎದ್ದು ನಿಂತಳು.

“ಬ್ಯಾಡ ಕಾಕಾ. ತಕ್ಕಡಿ ತಗೀರಿ.”

ಹದಿನೇಳು ದಿನ, ಅರವತ್ತು ಜನ, ಒಂದೇ ಗಂಜಿ. ಹೊಳೆಪ್ಪ ಗ್ರಾಂ ತಪ್ಪದೆ ಹಿಟ್ಟು ತೂಗಿದ. ಆದರೆ ಮುಖ ಮಾತ್ರ ಯಾರದೋ ಮಣ್ಣಿಗೆ ಹೋಗಿ ಬಂದವನಂತಿತ್ತು. ಕೊನೆಯ ದಿನ ಸಾವಳಗಿಯಲ್ಲಿ ಅನಸವ್ವನ ಹನಿ ಆರಕ್ಕೂ ನೀಲಿ, ಹತ್ತಕ್ಕೂ ನೀಲಿ, ಹದಿನೈದಕ್ಕೂ ನೀಲಿ. ಹೊಳೆಪ್ಪ ತಲೆ ಎತ್ತಲಿಲ್ಲ.

“ಎಷ್ಟು ಬಂತಲೇ?” ಎಂದಳು ಅನಸವ್ವ.

“ಹತ್ತೊಂಬತ್ತ,” ಎಂದ ಅವನು, ನೆಲಕ್ಕೆ ಹೇಳುವಂತೆ.

“ಹ್ವಾದ ಸಲ ಆರ ಇತ್ತಲ್ಲೋ?”

“ಹೂಂ.”

“ಮತ್ತ ಹೆಣಾ ಹೊತ್ತವ್ರಂಗ ಯಾಕ ಕುಂತಿ? ಹದಿಮೂರು ಜಾಸ್ತಿ ಬಂದಾವಲ್ಲೋ! ಗಿರಿಮಲ್ಲಪ್ಪಂದೆಷ್ಟು?”

“ಹದಿನಾರ.”

ಅನಸವ್ವ ಬೊಚ್ಚು ಬಾಯಿ ತೆರೆದು ನಕ್ಕಳು. ಎದುರು ಕಟ್ಟೆಯಲ್ಲಿದ್ದ ಗಿರಿಮಲ್ಲಪ್ಪನಿಗೆ ಕೇಳುವಂತೆ ತನ್ನ ಅಂಕ ಸಾರಿದಳು. ಅವನು ಇನ್ನೊಮ್ಮೆ ಉಗುಳುತ್ತೇನೆಂದು ಎದ್ದೇ ಬಂದ. ಅವನನ್ನು ಕೂಡಿಸುವಷ್ಟರಲ್ಲಿ ಸಾಕುಸಾಕಾಯಿತು. ಹೊಳೆಪ್ಪ ಇಬ್ಬರನ್ನೂ ನೋಡಿದ. ಇದರಲ್ಲಿ ನಪಾಸು ಎಂಬುದೇ ಇಲ್ಲ ಎಂದು ಅನುರಾಧಾ ಹದಿನೇಳು ದಿನ ಹೇಳಿದ್ದು ಅವನ ತಲೆಗೆ ಹೋಗಿದ್ದು ಆಗ. ಮರಳಿ ಬರುವಾಗ ಬಸ್ಸಿನಲ್ಲಿ ಎರಡು ಸಲ ತನ್ನಷ್ಟಕ್ಕೆ ನಕ್ಕ.

ಹೇಳಿದ ದಿನ ಮೃಣ್ಮಯಿ ಮೇಡಂ ಬಂದರು. ಅನುರಾಧಾ ಎರಡೂ ವಹಿಗಳನ್ನು ಮುಂದಿಟ್ಟು, ಮೂರು ಕ್ಯಾನುಗಳ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಹೊಸ ವಹಿಯಲ್ಲಿ ಅಂಕಿಗಳು ಮೂರರಿಂದ ಹತ್ತೊಂಬತ್ತರವರೆಗೆ ಬಿಟ್ಟ ಕುರಿಗಳಂತೆ ಚದುರಿದ್ದವು. ಜೋಳದ ಮಹಿಮೆ ಎಲ್ಲೂ ಕಾಣಲಿಲ್ಲ. ಮೇಡಂ ಒಂದೊಂದೇ ಪುಟ ತಿರುವಿದರು. ಬಾಗಿಲ ಬಳಿ ಹೊಳೆಪ್ಪ ತೊಳೆದ ಪ್ರನಾಳಗಳನ್ನೇ ಮತ್ತೆ ತೊಳೆಯುತ್ತಿದ್ದ.

“ಹಳೇ ವಹಿ ಒಳಗ ಇಡು,” ಎಂದರು ಕೊನೆಗೆ. “ಇದಕ್ಕ ಸಹಿ ಮಾಡ್ತೀನಿ. ಜ್ವಾಳದ ಬಗ್ಗೆ ಮಾತ್ರ ಈಗ ಒಂದ ಶಬ್ದ ಬರೀಬ್ಯಾಡ. ಇನ್ನೂ ಇನ್ನೂರು ಮಂದಿ ಬೇಕಾಗ್ತದ.”

ಸಹಿ ಬಿತ್ತು. ಅನುರಾಧಾಳಿಗೆ ಕೂಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಮೇಡಂ ಪೆನ್ನು ಮುಚ್ಚಿ ಬಾಗಿಲ ಕಡೆ ತಿರುಗಿದರು.

“ಅರವತ್ತು ಮಂದೀದು ಬರಸೀರಿ. ನಿಮ್ದ ಇದರಾಗ ಇಲ್ಲಲ್ಲ ಹೊಳೆಪ್ಪಾ! ಖರೆ ಹೇಳ್ರಿ, ನಿಮ್ಮ ಉಗುಳಿಗೆ ಎಷ್ಟು ನಿಮಿಷ ಹತ್ತತದ?”

ಹೊಳೆಪ್ಪ ಕೈ ಒರೆಸಿಕೊಂಡು ಗೋಡೆಯ ಗಡಿಯಾರ ನೋಡಿದ.

“ಯಾವ ಬಸ್ಸಿಗ್ರಿ?”