ಜೇಬಿನಲ್ಲಿ ಬಟ್ಟು, ಮುಂದೆ ಮೂರು ಊರು

ನನ್ನ ಗಂಡ ತಕ್ಕಡಿ ರಿಪೇರಿ ಮಾಡುವವರು. ತರಕಾರಿ ಅಂಗಡಿಯ ತಕ್ಕಡಿ, ಗೋದಾಮಿನ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತಕ್ಕಡಿ, ಯಾವುದು ಕೆಟ್ಟರೂ ಇವರಿಗೇ ಕರೆ. ಓಣಿಯವರೆಲ್ಲ ಇವರನ್ನು ತಕ್ಕಡಿ ಡಾಕ್ಟರು ಅನ್ನುತ್ತಾರೆ. ಪ್ಯಾಂಟಿನ ಬಲಗಡೆ ಜೇಬಿನಲ್ಲಿ ಸದಾ ಅರ್ಧ ಕೆಜಿಯ ಒಂದು ಹಿತ್ತಾಳೆಯ ತೂಕದ ಬಟ್ಟು ಇರುತ್ತದೆ. ಆ ಭಾರಕ್ಕೆ ಕಿತ್ತುಹೋದ ಜೇಬುಗಳನ್ನು ಹೊಲಿದು ಹೊಲಿದು ನನ್ನ ಬೆರಳು ಸವೆದಿದೆ. ನಮ್ಮ ಮದುವೆಯ ಫೋಟೊದಲ್ಲೂ ಬಲಗಡೆ ಜೇಬು ಉಬ್ಬಿಕೊಂಡಿದೆ.

"ಅವತ್ತೂ ಬೇಕಿತ್ತೇನ್ರೀ ಅದು?" ಅಂತ ಒಮ್ಮೆ ಕೇಳಿದ್ದೆ.

"ಮನೇಲಿ ಬಿಟ್ರೆ ಯಾರಾದ್ರೂ ಅದ್ರಲ್ಲಿ ಬೆಳ್ಳುಳ್ಳಿ ಜಜ್ಜಿಬಿಡ್ತಾರೆ."

ಯಾರಾದರೂ ಅಂದರೆ ನಮ್ಮತ್ತೆ. ಒಮ್ಮೆ ಜಜ್ಜಿದ್ದೂ ಉಂಟು.

ಇಂಥವರಿಗೆ ಇವರು ಕೆಲಸ ಮಾಡುವ ತಕ್ಕಡಿ ಕಂಪನಿಯಿಂದ ಕಾಗದ ಬಂತು. ಇಲ್ಲಿನ ಶಾಖೆ ಮುಚ್ಚುತ್ತೇವೆ, ದೇಶದ ಆ ತುದಿಯಲ್ಲಿ ಮೂರು ಊರುಗಳಿವೆ, ಬೇಕಾದದ್ದು ಆರಿಸಿಕೊಂಡು ಮುಂದಿನ ತಿಂಗಳ ಮೊದಲ ಶುಕ್ರವಾರದೊಳಗೆ ತಿಳಿಸಿ, ಇಲ್ಲದಿದ್ದರೆ ನಾವೇ ಒಂದು ಊರು ಹಾಕುತ್ತೇವೆ ಅಂತ. ಒಂದೇ ಊರಿನ ಹೆಸರು ಬರೆದಿದ್ದರೆ ಅತ್ತುಕೊಂಡಾದರೂ ಗಂಟುಮೂಟೆ ಕಟ್ಟುತ್ತಿದ್ದೆವು. ಮೂರು ಕೊಟ್ಟು ನನ್ನ ಪ್ರಾಣ ತಿಂದರು.

ಇವರು ಅಂದೇ ಒಂದು ನೋಟ್‌ಬುಕ್ ತಂದರು. ನೀರಿಗೆ ಇಷ್ಟು ಅಂಕ, ಬಾಡಿಗೆಗೆ ಇಷ್ಟು, ಆಸ್ಪತ್ರೆ ಎಷ್ಟು ದೂರ ಅನ್ನುವುದಕ್ಕೆ ಇಷ್ಟು. ಹದಿನೈದು ದಿನ ಕೂಡಿದರು, ಕಳೆದರು. ಕೊನೆಗೆ ಮೂರು ಊರಿಗೂ ಸರಿಸಮ ಬಂತು. ನಾನಾಗಿದ್ದರೆ ಆ ನೋಟ್‌ಬುಕ್ಕನ್ನು ಒಲೆಗೆ ಹಾಕುತ್ತಿದ್ದೆ. ಇವರ ಮುಖದಲ್ಲಿ ನೋಡಿದರೆ ಸಂತೋಷ! "ನೋಡು, ಮುಳ್ಳು ನಟ್ಟನಡುವೆ ನಿಂತಿದೆ" ಅಂದರು.

ನನಗೆ ಬೇಕಾದದ್ದು ಒಂದೇ, ಮಗಳಿಗೆ ತಕ್ಕ ಶಾಲೆ. ನಮ್ಮ ಗುಬ್ಬಿಗೆ ಆರು ವರ್ಷ. ಮಾತಿನ ಮೊದಲಕ್ಷರ ಅವಳ ನಾಲಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಹೇಗೋ ನಡೆಯುತ್ತದೆ. ಶಾಲೆಯಲ್ಲಿ ಮಕ್ಕಳು ಅಣಕಿಸಿ ಅಣಕಿಸಿ, ಈಗ ಆರು ತಿಂಗಳಿಂದ ಅಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಬಾಯಾರಿದರೂ ನೀರು ಕೇಳದೆ ಸಂಜೆ ಒಣಗಿದ ತುಟಿಯಲ್ಲಿ ಮನೆಗೆ ಬರುತ್ತಾಳೆ. ಅಪ್ಪನಿಗೆ ಅವಳೆಂದರೆ ಜೀವ. ಆದರೆ ಅವಳು "ಅ... ಅ..." ಅನ್ನುವಷ್ಟರಲ್ಲಿ "ಅನ್ನ ಬೇಕಾ? ಅಜ್ಜಿ ಬೇಕಾ?" ಅಂತ ಉಳಿದದ್ದನ್ನು ತಾವೇ ಮುಗಿಸಿಬಿಡುತ್ತಾರೆ. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಮಗು ಮಾತು ನುಂಗಿಕೊಂಡು ತಲೆಯಾಡಿಸಿ ಹೋಗುತ್ತದೆ.

ಅಂಕ ಸಮ ಬಂದದ್ದರಿಂದ ಕಣ್ಣಾರೆ ನೋಡಲೇಬೇಕಾಯಿತು. ಒಂದು ವಾರದ ರಜೆ, ಎರಡು ದಿನದ ರೈಲು, ನಾಲ್ಕೂ ಜನ ಹೊರಟೆವು.

ಮೊದಲನೆಯದು ದೊಡ್ಡ ಜಂಕ್ಷನ್ ಇರುವ ಊರು. ನಾನು ಮಗುವನ್ನು ಕರೆದುಕೊಂಡು ಶಾಲೆ ನೋಡಲು ಹೋದೆ, ಇವರು ಮನೆ ನೋಡಲು ಹೋದರು. ಮಧ್ಯಾಹ್ನ ಸಿಕ್ಕಾಗ ಮುಖ ಅರಳಿತ್ತು.

"ಎಂಥಾ ಊರು ಮಾರಾಯ್ತಿ! ನಾಲ್ಕು ಅಂಗಡೀಲಿ ಬಟ್ಟು ಇಟ್ಟು ನೋಡ್ದೆ. ಒಂದು ಗ್ರಾಂ ಆಚೆಗಿಲ್ಲ, ಈಚೆಗಿಲ್ಲ!"

"ಮನೆ?"

"ಮನೆ... ನಾಳೆ ನೋಡಿದ್ರಾಯ್ತು."

ಶಾಲೆಯಲ್ಲಿ ಏನಾಯಿತು ಅಂತ ಇವರು ಕೇಳಲಿಲ್ಲ. ಒಂದು ತರಗತಿಯಲ್ಲಿ ಅರವತ್ತು ಮಕ್ಕಳು. ಗುಬ್ಬಿ ಬಾಯಿ ತೆರೆಯುವ ಮೊದಲೇ ಅಲ್ಲಿನ ಮೇಡಂ ನನ್ನ ಕಡೆ ತಿರುಗಿ "ಇವಳಿಗೆ ಮಾತು ಬರಲ್ವಾ?" ಅಂದಿದ್ದರು, ಅವಳ ಎದುರಿಗೇ.

ಎರಡನೆಯದು ಕಾರ್ಖಾನೆಗಳ ಊರು. ಅಲ್ಲಿ ಬಸ್ಸಿಳಿದಾಗ ಶುರುವಾದ ಅತ್ತೆಯ ಕೆಮ್ಮು ಮತ್ತೆ ಬಸ್ಸು ಹತ್ತಿದ ಮೇಲೇ ನಿಂತದ್ದು. ಆ ಊರಿನ ಕಥೆ ಅಷ್ಟೇ.

ಮೂರನೆಯದು ಗುಡ್ಡದ ಬುಡದ ಸಣ್ಣ ಊರು. ಶಾಲೆಯ ಎದುರಿಗೇ ಒಂದು ತರಕಾರಿ ಅಂಗಡಿ, ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಖಾಲಿ ಇತ್ತು. ಮೆಟ್ಟಿಲಿಲ್ಲದ ಮನೆ. ಅತ್ತೆ ಹೊಸ್ತಿಲು ದಾಟಿ, ಅಡುಗೆಮನೆಯ ಕಿಟಕಿ ತೆರೆದು ಮುಚ್ಚಿ ನೋಡಿ, "ನನ್ನ ಮಂಡಿ ಒಪ್ಪಿತು" ಅಂದರು. ಮನೆಯ ಯಜಮಾನನೂ ಅಂಗಡಿಯವನೇ. "ರೀ, ನೀವು ಮಾತು ಮುಗಿಸಿ, ನಾನು ಶಾಲೆಗೆ ಹೋಗಿ ಬರ್ತೀನಿ. ಬರೀ ಮಾತು, ತಿಳೀತಾ?" ಅಂತ ಕಣ್ಣಿನಲ್ಲೇ ಜೇಬು ತೋರಿಸಿ, ಗುಬ್ಬಿಯನ್ನು ಕರೆದುಕೊಂಡು ಹೋಗಿದ್ದೆ.

ಆ ಶಾಲೆಯ ಟೀಚರು ನನ್ನನ್ನು ಏನೂ ಕೇಳಲಿಲ್ಲ. ಮೊಣಕೈಗಳನ್ನು ಮೇಜಿನ ಮೇಲೂರಿ ಗುಬ್ಬಿಯನ್ನೇ ಕೇಳಿದರು, "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?"

"ತ... ತ... ತ..."

ಅಭ್ಯಾಸಬಲ, ನಾನು ಬಾಯಿ ತೆರೆದೆ. ಟೀಚರು ನನ್ನ ಕಡೆ ನೋಡದೆಯೇ ಒಂದು ಬೆರಳೆತ್ತಿದರು. ಹೊರಗೆ ಗಂಟೆ ಹೊಡೆಯಿತು. ಮಕ್ಕಳು ದಬದಬ ಓಡಿದರು. ಆ ಹೆಂಗಸು ತನಗೆ ಈ ಲೋಕದಲ್ಲಿ ಬೇರೆ ಕೆಲಸವೇ ಇಲ್ಲ ಅನ್ನುವ ಹಾಗೆ ಕೂತಿದ್ದರು.

"...ತಕ್ಕಡಿ ಡಾಕ್ಟರ್."

"ಹೌದಾ! ತಕ್ಕಡಿಗೂ ಜ್ವರ ಬರುತ್ತಾ?"

ಗುಬ್ಬಿ ನಕ್ಕಳು. ಶಾಲೆಯೊಂದರ ಒಳಗೆ ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಅವರ ತರಗತಿಯಲ್ಲಿ ಒಂದೇ ಜಾಗ ಇತ್ತು. ಶುಕ್ರವಾರದವರೆಗೆ ಹಿಡಿದಿಡುತ್ತೇನೆ ಅಂದರು.

ಕಾಲು ನೆಲಕ್ಕೆ ತಾಗದ ಹಾಗೆ ರಸ್ತೆ ದಾಟಿ ಬಂದರೆ, ಅಂಗಡಿಯವನು ಕೂಗಾಡುತ್ತಿದ್ದಾನೆ.

"ನೀವು ಮನೆ ನೋಡೋಕೆ ಬಂದಿದ್ದೋ, ನನ್ನ ಮಾನ ಕಳೆಯೋಕೆ ಬಂದಿದ್ದೋ? ಗಿರಾಕಿಗಳ ಮುಂದೆ ತಕ್ಕಡಿ ಮೇಲೆ ಬಟ್ಟು ಇಟ್ಟು ನೋಡ್ತೀರಲ್ಲ! ನಡೀರಿ, ನಡೀರಿ. ನನ್ನ ಮನೆ ಬಾಡಿಗೆಗಿಲ್ಲ!"

ಇವರು ಬಟ್ಟನ್ನು ಅಂಗೈಯಲ್ಲಿ ಹಿಡಿದುಕೊಂಡು, ತಪ್ಪು ಮಾಡಿದವನು ಅವನೇ ಅನ್ನುವ ಹಾಗೆ ನಿಂತಿದ್ದರು. ಅತ್ತೆ ಹಣೆ ಚಚ್ಚಿಕೊಂಡರು. "ಕೂತು ಉಣ್ಣೋ ಹೊತ್ತಿಗೆ ಎಲೆ ಎಳ್ಕೊಂಡ ಕಣೇ, ನನ್ನ ಮಗ!"

ವಾಪಸ್ಸು ಬರುವ ರೈಲಿನಲ್ಲಿ ಇವರು ನೋಟ್‌ಬುಕ್ ತೆಗೆದು ಗುಡ್ಡದೂರಿನ ಮೇಲೆ ಅಡ್ಡಗೆರೆ ಎಳೆದರು. "ಸುಳ್ಳು ತೂಗೋ ಊರು ನಮಗೆ ಬೇಡ. ಅರ್ಧ ಕೆಜಿ ಇಟ್ರೆ ಐನೂರ ನಲವತ್ತು ತೋರಿಸುತ್ತೆ. ಜಂಕ್ಷನ್ ಊರು ಅಂತ ಬರೆದು ಹಾಕ್ತೀನಿ."

ನನಗೆ ರಕ್ತ ಕುದಿಯಿತು. "ಅವನು ಮೋಸಗಾರ ಅಂತ ನಿಮಗೆ ಗ್ಯಾರಂಟಿನಾ?"

"ಮೋಸ ಅಂತ ನಾನೆಲ್ಲಿ ಅಂದೆ? ಸ್ಪ್ರಿಂಗ್ ಸೋತಿದೆ ಅಷ್ಟೇ. ಸ್ಪ್ರಿಂಗ್ ಹಳೇದಾದ್ರೆ ಜಾಸ್ತಿ ಜಗ್ಗುತ್ತೆ, ಮುಳ್ಳು ಮುಂದೆ ಹೋಗುತ್ತೆ. ಪಾಪ, ಅವನಿಗೇ ಗೊತ್ತಿರಲಿಕ್ಕಿಲ್ಲ."

"ಅಯ್ಯೋ ದೇವರೇ! ಆ ಮಾತನ್ನ ಅಲ್ಲೇ ಅವನಿಗೆ ಹೇಳೋಕೆ ನಿಮ್ಮ ಬಾಯಿಗೇನಾಗಿತ್ರೀ?"

"ಅವನು ಹೇಳೋಕೆ ಬಿಟ್ರೆ ತಾನೆ? ನಾನು ಬಾಯಿ ತೆಗೆಯೋಷ್ಟರಲ್ಲಿ ತಾನೇ ಎಲ್ಲಾ ಮಾತಾಡಿಬಿಟ್ಟ."

"ಹೆಂಗಿತ್ತು?" ಅಂದೆ. "ಬಾಯಿ ತೆಗೆಯೋಷ್ಟರಲ್ಲಿ ಇನ್ನೊಬ್ರು ಮಾತಾಡಿಬಿಟ್ರೆ, ಹೆಂಗಿರುತ್ತೆ?"

ಇವರಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಕಿಟಕಿ ಪಕ್ಕ ಕೂತಿದ್ದ ಗುಬ್ಬಿಯ ಕಡೆ ನೋಡಿದರು. ನಾನು ಬಿಡಲಿಲ್ಲ. ಶಾಲೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಆ ಎತ್ತಿದ ಬೆರಳಿನ ಸಮೇತ. "ಕಬ್ಬಿಣದ ತಕ್ಕಡಿ ಮುಂದೆ ಮುಳ್ಳು ನಿಲ್ಲೋ ತನಕ ಉಸಿರು ಹಿಡ್ಕೊಂಡು ಕಾಯ್ತೀರಿ. ಮಗಳ ಮಾತು ಮುಗಿಯೋ ತನಕ ಒಂದು ದಿನ ಕಾದಿದೀರಾ?"

ಎದುರು ಬರ್ತಿನಲ್ಲಿ ಮುಸುಕು ಹಾಕಿಕೊಂಡು ಮಲಗಿದ್ದ ಅತ್ತೆ ಮುಸುಕಿನೊಳಗಿಂದಲೇ ಅಂದರು, "ಲೋ, ತಕ್ಕಡಿ ಎಲ್ಲಾ ಸರಿ ಇರೋ ಊರಿಗೆ ಹೋಗಿ ನೀನೇನು ನೊಣ ಹೊಡೀತೀಯಾ? ರೋಗಿ ಇಲ್ಲದ ಊರಿಗೆ ಡಾಕ್ಟರು ಹೋದ ಹಾಗೆ!"

ಇವರು ನೋಟ್‌ಬುಕ್ ಮುಚ್ಚಿದರು. ಆಗ ಗುಬ್ಬಿ ಕಿಟಕಿಯಿಂದ ಮುಖ ತಿರುಗಿಸಿದಳು.

"ಅಪ್ಪಾ, ಆ ಟೀ... ಟೀ..."

ಇವರ ತುಟಿ ಅಲುಗಿತು. ಟೀ ಬೇಕಾ ಅಂತ ಕೇಳುವವರೇ, ನನಗೆ ಗೊತ್ತಿಲ್ಲವೇ? ಆದರೆ ಕೈ ಜೇಬಿಗೆ ಹೋಯಿತು, ಬಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತು, ತುಟಿ ಮುಚ್ಚಿತು. ರೈಲು ಒಂದು ಸಣ್ಣ ಸ್ಟೇಷನ್ನನ್ನು ನಿಲ್ಲದೆ ದಾಟಿತು. ಇವರು ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಟೀಚರ್‌ಗೆ... ನಿ... ನಿನ್ನ ಬಟ್ಟು ತೋರಿಸ್ಬೇಕು."

"ತೋರಿಸೋಣ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ, ಯಾರೂ ಕೇಳದಿದ್ದರೂ, "ತೋರಿಸೋಣ" ಅಂದರು.

ಕಾಗದದಲ್ಲಿ ಗುಡ್ಡದೂರಿನ ಹೆಸರು ಬರೆದು ಮರುದಿನ ಇಳಿದ ಕೂಡಲೇ ಕಳಿಸಿದ್ದಾಯಿತು. ಟೀಚರಿಗೆ ಫೋನ್ ಮಾಡಿದ್ದಾಯಿತು. ಅಂಗಡಿಯವನಿಗೂ ಮಾಡಿಸಿದೆ, ನಾನು ಪಕ್ಕದಲ್ಲೇ ನಿಂತು. ಸ್ಪ್ರಿಂಗಿನ ವಿಷಯ ಕೇಳಿ ಅವನು ಹತ್ತು ನಿಮಿಷ ಬೈದ. ಇವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಅವನು, "ಮೊದಲು ಬಂದು ಸ್ಪ್ರಿಂಗ್ ಹಾಕಿ ಸ್ವಾಮಿ, ಮನೆ ಮಾತು ಆಮೇಲೆ" ಅಂದನಂತೆ. ಅಂದರೆ ತಲೆಯ ಮೇಲೆ ಸೂರು ಇದೆಯೋ ಇಲ್ಲವೋ ತಿಳಿಯದೆ, ಒಂದು ಸ್ಪ್ರಿಂಗ್ ನಂಬಿಕೊಂಡು ನಾವು ದೇಶ ದಾಟುತ್ತಿದ್ದೇವೆ.

ಇವತ್ತು ಸಾಮಾನು ಕಟ್ಟುತ್ತಿದ್ದೇವೆ. ಸಹಾಯ ಮಾಡ್ತೀನಿ ಅಂತ ಇವರು ಬೆಳಗಿನಿಂದ ಕೂತು ಇಪ್ಪತ್ತಮೂರು ಪೆಟ್ಟಿಗೆಗಳನ್ನು ಒಂದೊಂದಾಗಿ ತೂಗಿ, ಮೇಲೆ ದಪ್ಪ ಅಕ್ಷರದಲ್ಲಿ ತೂಕ ಬರೆದಿದ್ದಾರೆ. ಒಳಗೆ ಏನಿದೆ ಅಂತ ಒಂದರ ಮೇಲೂ ಬರೆದಿಲ್ಲ.